ಅಪ್‌ಡೇಟ್: ವೆಲ್ಡಿಂಗ್ ಜನರೇಟರ್ ಮ್ಯಾನಿಫೋಲ್ಡ್ ಕೊನೆಗೂ ಬದಲಾಯ್ತು

ಮಳೆಗಾಲಕ್ಕೆ ಮುಂಚೆ ಕೇಳಿದ್ನಲ್ಲ, ತೀರ್ಥಹಳ್ಳಿ ಕಡೆ ಗೇಟು ಶೆಡ್ಡು ಕೆಲ್ಸಕ್ಕೆ ಒಯ್ಯೋ ಡೀಸೆಲ್ ವೆಲ್ಡಿಂಗ್ ಸೆಟ್ಟು, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ ಹೊಗೆನ ಸೈಲೆನ್ಸರಿಗೆ ಒಯ್ಯೋ ಎರಕದ ಪೈಪು) ಬಿರುಕು ಬಿಟ್ಟು ಟಪ್ ಟಪ್ ಸೌಂಡು, ಇಂಜಿನ್ ಹೆಡ್ ಪಕ್ಕ ಎಲ್ಲ ಮಸಿ, ವೆಲ್ಡ್ ಮಾಡೋದಾ ಹೊಸದಾ ಅಂತ. ಹೊಸದೇ ಹಾಕ್ದೆ. ನಿಕ್ಕಲ್ ವೆಲ್ಡಿಂಗ್ ರಾಡಲ್ಲಿ ಆಗತ್ತೆ ಅಂದ್ರಿ ಕೆಲವ್ರು, ಆದ್ರೆ ದಿನಾ ಕಾದು ತಣ್ಣಗಾಗೋ ಬೀಡು ಕಬ್ಬಿಣ (ಕ್ಯಾಸ್ಟ್ ಐರನ್) ವೆಲ್ಡ್ ಪಕ್ಕದಲ್ಲೇ ಮತ್ತೆ ಸೀಳೋದು ಜಾಸ್ತಿ, ವೆಲ್ಡರ್ ಆಗೇ ಹೇಳ್ತಿದೀನಿ.

ಮ್ಯಾನಿಫೋಲ್ಡ್ ಬಿಚ್ಚೋದಲ್ಲ, ಅದನ್ನ ಹೆಡ್ಡಿಗೆ ಹಿಡಿಯೋ ಸ್ಟಡ್ಡೇ (ತಲೆ ಇಲ್ಲದ ಬೋಲ್ಟು) ದೊಡ್ಡ ಕೆಲ್ಸ ಮಾರಾಯ್ರೆ. ನಮ್ ಮಲೆನಾಡ್ ಥಂಡಿಗೆ ನಟ್ಟು ಸ್ಟಡ್ಡು ತುಕ್ಕಲ್ಲಿ ಒಂದೇ ಆಗಿದ್ವು. ರಾತ್ರಿ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ಬೆಳಿಗ್ಗೆ ಅದನ್ನ ಒರೆಸಿ, ಡೀಸೆಲ್ ಟ್ಯಾಂಕು ಪೈಪು ಬಿಚ್ಚಿ ದೂರ ಇಟ್ಟು, ಗ್ಯಾಸಲ್ಲಿ ನಟ್ ಕಾಸಿ ಹಿಂದೆ ಮುಂದೆ ಆಡಿಸಿ ಆಡಿಸಿ ತೆಗ್ದೆ, ಆದ್ರೂ ಒಂದು ಸ್ಟಡ್ಡು ಹೆಡ್ ಹತ್ರಕ್ಕೇ ಮುರೀತು. ಅದ್ರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿದ್ಮೇಲೆ ತಿರುಗ್ತು (ಅದಕ್ಕೆ ಬೇರೆಯವ್ರ ಮಷಿನ್ ತರ್ಬೇಕಾಯ್ತು, ನಮ್ದು ಬಿಚ್ಚಿಟ್ಟಿತ್ತಲ್ಲ!).

ಹೆಡ್ ಮುಖ ಕೆರೆದು, ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನ ನಡುವಿಂದ ಹೊರಕ್ಕೆ ಸ್ವಲ್ಪ ಸ್ವಲ್ಪನೇ ಟೈಟ್ ಮಾಡ್ದೆ. ಓಡಿಸಿ ತಣ್ಣಗಾದ್ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿ ಅಂದಿದ್ರಿ, ಹೌದು, ಇನ್ನೂ ತಿರುಗಿದ್ವು.

ಬಿರುಕಿಗೆ ಕಾರಣ ಸೈಲೆನ್ಸರ್ ಬ್ರಾಕೆಟ್ ಅನ್ಸತ್ತೆ, ಅದು ತುಂಡಾಗಿ ಇಡೀ ಭಾರ ಮ್ಯಾನಿಫೋಲ್ಡ್ ಮೇಲೆ ನೇತಾಡ್ತಿತ್ತು. ಹೊಸದು ಮಾಡಿ ಹಾಕಿದೀನಿ. ಈಗ ಮಸಿ ಇಲ್ಲ, ಸೌಂಡಿಲ್ಲ.