ಎರಡನೇ ವೆಬ್‌ಕ್ಯಾಮ್ ಚಾಲೂ ಆಗವಲ್ದು, ಡ್ರೈವರ್ ತಪ್ಪೋ ಏನ್ ಮತ್ತ?

ದ್ರಾಕ್ಷಿ_ವಿಜಯಪುರ:
ನಮಸ್ಕಾರ್ರಿ. ಒಣದ್ರಾಕ್ಷಿ ಬಣ್ಣ ನೋಡಿ ಬ್ಯಾರೆ ಮಾಡೂ ಸಣ್ಣ ಸೆಟಪ್ ಮಾಡೀನ್ರಿ, ಲಿನಕ್ಸ್ ಮ್ಯಾಲೆ, ಒಂದ ಯುಎಸ್‌ಬಿ ಹಬ್‌ನ್ಯಾಗ ಎರಡು ವೆಬ್‌ಕ್ಯಾಮ್. ಮೊದಲನೇದು ಛಲೋ ನಡೀತೈತಿ, ಎರಡನೇದು ಶುರು ಮಾಡಿದ್ ಕೂಡ್ಲೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಅಂತ ಬರ್ತೈತಿ, ಡಿಸ್ಕ್ ನೋಡಿದ್ರ ಅರ್ಧಕ್ಕಿಂತ ಜಾಸ್ತಿ ಖಾಲಿ. ಮೂರ್ ದಿನ ಆತು ತಲಿ ಕೆಟ್ಟೈತಿ, ಹಳೇ ಕರ್ನಲ್‌ಗೆ (ಲಿನಕ್ಸಿನ ಮೂಲ ಭಾಗ) ಹೋಗ್ಲ್ಯಾ?

ಬೆಳಗಾವಿ_ಕರ್ನಲ್:
ಹೋಗಬ್ಯಾಡ್ರಿ. ಅದು ಡಿಸ್ಕ್ ಜಾಗ ಅಲ್ರಿ, ಯುಎಸ್‌ಬಿ ಬ್ಯಾಂಡ್‌ವಿಡ್ತ್, ಅಂದ್ರ ಸೆಕೆಂಡಿಗೆ ಎಷ್ಟ್ ಡೇಟಾ ಹೋಗ್ಬಹುದು ಅನ್ನೂ ಮಿತಿ. 640×480 ಚಿತ್ರ, ವೈಯುವೈವಿ (ಕಂಪ್ರೆಸ್ ಆಗದ ಫಾರ್ಮ್ಯಾಟ್), ಸೆಕೆಂಡಿಗೆ 30 ಫ್ರೇಮ್ ಅಂದ್ರ ಸೆಕೆಂಡಿಗೆ 18 ಎಂಬಿ ಚಿಲ್ರೆ, ಆದ್ರ ಕೆಲವು ಕ್ಯಾಮೆರಾ ಬೇಕಾದ್ದಕ್ಕಿಂತ ಹೆಚ್ಚಿಗಿ ಕೇಳ್ತಾವು, ಬಸ್ಸಿನ್ಯಾಗ ಒಬ್ಬನ ಟವೆಲ್ ಹಾಸಿ ಮೂರ್ ಸೀಟ್ ಹಿಡದಂಗ, ಎರಡನೇದಕ್ಕ ಜಾಗ ಎಲ್ಲಿ ಉಳೀಬೇಕು? ಯುವಿಸಿವಿಡಿಯೋ ಅನ್ನೂ ವೆಬ್‌ಕ್ಯಾಮ್ ಡ್ರೈವರ್ ಮಾಡ್ಯೂಲ್ ತಗದು ಕ್ವರ್ಕ್ಸ್=128 ಅನ್ನೂ ಸೆಟ್ಟಿಂಗ್ ಕೊಟ್ಟು ಮತ್ತ ಹಾಕ್ರಿ, ಆವಾಗ ಡ್ರೈವರ್ ತಾನ ಲೆಕ್ಕ ಹಾಕಿ ಬೇಕಾದಷ್ಟ ಕೇಳತೈತಿ. ಎಂಜೆಪೆಗ್ (ಕಂಪ್ರೆಸ್ ಆದ ಫಾರ್ಮ್ಯಾಟ್) ಇದ್ರ ಇದು ನಡ್ಯಾಂಗಿಲ್ಲ, ಕಂಪ್ರೆಸ್ ಆಗದ ಫಾರ್ಮ್ಯಾಟಿಗೆ ಅಷ್ಟ.

ಬಾಗಲಕೋಟಿ_ಟೆಸ್ಟರ್:
ಅಣ್ಣಾರು ಹೇಳಿದ್ದು ಖರೆ ಐತಿ. ಇನ್ನೊಂದ್ರಿ, ಕರ್ನಲ್ ಅಪ್‌ಡೇಟ್ ಮಾಡೂ ಮೊದ್ಲ ಒಂದ್ಸಲ, ಆದಮ್ಯಾಲ ಒಂದ್ಸಲ ವಿ4ಎಲ್2-ಕಂಪ್ಲಯನ್ಸ್ ಅನ್ನೂ ಡ್ರೈವರ್ ಪರೀಕ್ಷೆ ಮಾಡೂ ಪ್ರೋಗ್ರಾಂ ಓಡಿಸಿ ಎರಡೂ ಔಟ್‌ಪುಟ್ ಇಟ್ಕೋರಿ, ಮೊದ್ಲ ಓಕೆ ಇದ್ದದ್ದು ಆಮ್ಯಾಲ ಫೇಲ್ ಬಂತಂದ್ರ ಡ್ರೈವರ್ ನೋಡ್ಕೊಳ್ಳೋರ್ಗೆ ಅದನ್ನ ಕಳಸ್ರಿ. ಬರೇ 'ಕ್ಯಾಮೆರಾ ನಡೆಯವಲ್ದು' ಅಂತ ಬರದ್ರ ಅವ್ರಾದ್ರೂ ಏನ್ ಮಾಡಬೇಕು ಪಾಪ, ಎಲ್ಲಾ ಮಾಡೆಲ್ ಅವ್ರ ಕಡೆ ಇರಾಂಗಿಲ್ಲ. ಕ್ಯಾಮೆರಾ ಕೈಯಾಗ ಇಲ್ದಾಗ ವಿವಿಡ್ ಡ್ರೈವರ್ ಹಾಕ್ರಿ, ಅದು ಖರೇ ಕ್ಯಾಮೆರಾ ಇಲ್ದ ಬಣ್ಣದ ಪಟ್ಟಿ ತೋರಸ್ತೈತಿ, ನಿಮ್ ಪ್ರೋಗ್ರಾಂ ತಪ್ಪೋ ಡ್ರೈವರ್ ತಪ್ಪೋ ಅಲ್ಲೇ ಗೊತ್ತಾಗ್ತೈತಿ.

ದ್ರಾಕ್ಷಿ_ವಿಜಯಪುರ:
128 ಕೊಟ್ಟೆ, ಎರಡೂ ಬಂದುವ್ರಿ! ಭಾಳ ಉಪಕಾರ ಆತು ಅಣ್ಣಾರ. ಕಂಪ್ಲಯನ್ಸ್ ಇವತ್ತ ರಾತ್ರಿ ಓಡಸ್ತೀನಿ.