ಗಾಜಿನ ಮೇಲಿನ ಜಿಂಕೆ: ಕೆತ್ತಿದವನ ಕೈಯಲ್ಲಿ ಉಳಿ ಇತ್ತೇ?

ಪ್ರಶ್ನೆ:
ಪ್ರಾಗ್‌ಗೆ ಹೋಗಿದ್ದ ನನ್ನ ಅಕ್ಕ ಕೆಂಪು ಬಣ್ಣದ ಒಂದು ಗಾಜಿನ ಲೋಟವನ್ನು ತಂದುಕೊಟ್ಟಿದ್ದಾಳೆ. ಅದರ ಮೇಲೆ ಕಾಡಿನ ನಡುವೆ ನಿಂತ ಜಿಂಕೆಯ ಚಿತ್ರವಿದ್ದು, ಲೋಟದ ಆಚೆ ಬದಿಯಿಂದ ನೋಡಿದರೆ ಜಿಂಕೆ ಉಬ್ಬಿ ನಿಂತಂತೆ ಕಾಣುತ್ತದೆ. ಆದರೆ ಬೆರಳಾಡಿಸಿದರೆ ಅಲ್ಲಿರುವುದು ತಗ್ಗು. ಇದು ಕೈಕೆತ್ತನೆಯೆಂದು ಅಂಗಡಿಯವರು ಹೇಳಿದರಂತೆ. ಒಡೆದುಹೋಗುವ ಗಾಜಿಗೆ ಉಳಿ ಹಾಕುವುದು ಹೇಗೆ? ಈ ಕಸುಬಿನವರ ಬದುಕು ಹೇಗಿತ್ತೆಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಉಳಿಯ ಮಾತೇ ಇಲ್ಲ. ಬೊಹೀಮಿಯಾದ, ಅಂದರೆ ಪ್ರಾಗ್ ಸುತ್ತಲಿನ ಸೀಮೆಯ, ಕೆತ್ತನೆಗಾರನು ಉಪಕರಣವನ್ನು ಕೈಯಲ್ಲಿ ಹಿಡಿಯುವುದಿಲ್ಲ, ಗಾಜನ್ನು ಹಿಡಿಯುತ್ತಾನೆ. ಅವನ ಮುಂದೆ ಅಡ್ಡಲಾಗಿ ತಿರುಗುವ ಕದಿರಿನ ತುದಿಗೆ ತಾಮ್ರದ ಸಣ್ಣ ಬಿಲ್ಲೆಯೊಂದು ಸಿಕ್ಕಿಸಿರುತ್ತದೆ. ಹಿಂದೆ ಅದನ್ನು ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ತಿರುಗಿಸುತ್ತಿದ್ದರು. ಬಿಲ್ಲೆಗೆ ಎಣ್ಣೆಯಲ್ಲಿ ಕಲಸಿದ ಎಮರಿ ಎಂಬ ಗಟ್ಟಿ ಕಲ್ಲಿನ ಪುಡಿಯನ್ನು ಹಚ್ಚುತ್ತಾರೆ. ತಾಮ್ರ ಮೆತ್ತನೆಯ ಲೋಹವಾದ್ದರಿಂದ ಪುಡಿಯ ಕಣಗಳು ಅದರಲ್ಲಿ ಕಚ್ಚಿಕೊಳ್ಳುತ್ತವೆ, ಗಾಜನ್ನು ಸವೆಸುವುದು ಆ ಕಣಗಳೇ. ಮೊಣಕೈಗಳನ್ನು ಮೆತ್ತೆಯ ಮೇಲೆ ಊರಿ, ಲೋಟವನ್ನು ಕೆಳಗಿನಿಂದ ಬಿಲ್ಲೆಗೆ ತಾಗಿಸುವಾಗ ತಾನು ಕೊರೆಯುತ್ತಿರುವ ಬಿಂದುವನ್ನು ಬಿಲ್ಲೆಯೂ ಎಣ್ಣೆಯೂ ಮರೆಮಾಡುವುದರಿಂದ, ಅವನು ಬಹುಪಾಲು ಕೈಯ ಅಂದಾಜನ್ನೂ ಕಿವಿಗೆ ಬೀಳುವ ಸದ್ದನ್ನೂ ನಂಬಿ ಮುಂದುವರಿಯಬೇಕು.

ನಿಮ್ಮ ಜಿಂಕೆ ಉಬ್ಬಿ ಕಾಣುವುದು ಕಣ್ಣಿನ ಭ್ರಮೆ. ಗಾಜಿನ ಮೂಲಕ ನೋಡಿದಾಗ ತಗ್ಗು ಉಬ್ಬಾಗಿ ತೋರುವುದರಿಂದ, ಯಾವ ಭಾಗ ಹೆಚ್ಚು ಮುಂದೆ ಬಂದಂತೆ ಕಾಣಬೇಕೋ ಅದನ್ನೇ ಹೆಚ್ಚು ಆಳವಾಗಿ ಕೊರೆಯಬೇಕು. ಮುದ್ರೆಯುಂಗುರ ಕೆತ್ತುವವನಂತೆ ಇವನೂ ಎಲ್ಲವನ್ನೂ ತಿರುವುಮುರುವಾಗಿ ಯೋಚಿಸಬೇಕು.

ಉತ್ತರ 2:
ಮೇಲಿನ ವಿವರಣೆಗೆ ಚರಿತ್ರೆಯ ಒಂದೆರಡು ಮಾತು. ಹೀಗೆ ತಿರುಗುವ ಬಿಲ್ಲೆಯಿಂದ, ಅಂದರೆ ಚಕ್ರದಿಂದ, ಕೊರೆಯುವ ವಿದ್ಯೆ ಗಾಜಿನವರದ್ದಲ್ಲ. ಸ್ಫಟಿಕವನ್ನೂ ರತ್ನಗಳನ್ನೂ ಕೆತ್ತುವವರಲ್ಲಿ ಅದು ಹಿಂದಿನಿಂದಲೂ ಇತ್ತು. ಚಕ್ರವರ್ತಿ ಎರಡನೆಯ ರುಡಾಲ್ಫನ ಪ್ರಾಗ್ ಆಸ್ಥಾನದಲ್ಲಿದ್ದ ಕ್ಯಾಸ್ಪರ್ ಲೇಮನ್ ಅದನ್ನು ಗಾಜಿಗೆ ಒಗ್ಗಿಸಿ, 1609ರಲ್ಲಿ ಚಕ್ರವರ್ತಿಯಿಂದ ವಿಶೇಷ ಹಕ್ಕುಪತ್ರವನ್ನೂ ಪಡೆದನು. 1622ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯ ಜಾರ್ಜ್ ಶ್ವಾನ್‌ಹಾರ್ಟ್ ಕಸುಬನ್ನು ಜರ್ಮನಿಯ ನ್ಯೂರೆಂಬರ್ಗ್‌ಗೆ ಒಯ್ದನು.

ಬದುಕಿನ ವಿಷಯಕ್ಕೆ ಗಾಜಿನ ಕೆತ್ತನೆಗಾರ ಡೊಮಿನಿಕ್ ಬೀಮನ್ (1800–1857) ಒಳ್ಳೆಯ ಉದಾಹರಣೆ. ಪ್ರಾಗ್‌ನಲ್ಲಿ ನೆಲೆಸಿದ್ದ ಈತ ಬೇಸಿಗೆಯಲ್ಲಿ ಫ್ರಾಂತಿಶ್ಕೊವಿ ಲಾಜ್ನೆ ಎಂಬ ಖನಿಜಜಲದ ಊರಿಗೆ ಹೋಗಿ, ಚಿಕಿತ್ಸೆಗೆಂದು ಬಂದ ಸಿರಿವಂತರ ಮುಖವನ್ನು ಪಕ್ಕದಿಂದ ನೋಡಿ ಗಾಜಿನಲ್ಲಿ ಕೊರೆದುಕೊಡುತ್ತಿದ್ದನು. ಗಿರಾಕಿಗಳು ಇರುವೆಡೆಗೆ ಕಲಾವಿದನೇ ಹೋಗಬೇಕಾದ ಆ ಪಾಡು ನಮ್ಮ ಜಾತ್ರೆಯ ಕುಶಲಕರ್ಮಿಗಳಿಗೂ ಹೊಸದಲ್ಲ! ಬೊಹೀಮಿಯಾದ ಕಮೆನಿಟ್ಸ್ಕಿ ಶೆನೋವ್ ಎಂಬ ಊರಿನಲ್ಲಿ 1856ರಲ್ಲಿ ಗಾಜಿನ ಕಸುಬಿನ ಶಾಲೆಯೇ ಆರಂಭವಾಯಿತು. ನಿಮ್ಮ ಲೋಟದ ಕೆಂಪು ಬಹುಶಃ ಮೇಲ್ಮೈಗೆ ಮಾತ್ರ ಹಿಡಿದಿರುವ ತೆಳು ಬಣ್ಣ; ಅದನ್ನು ಬೊಹೀಮಿಯಾದ ಗಾಜಿನ ಕುಶಲಕರ್ಮಿ ಫ್ರೀಡ್ರಿಶ್ ಎಗರ್‌ಮನ್ 1832ರ ಸುಮಾರಿಗೆ ರೂಪಿಸಿದನು. ಕೊರೆದಲ್ಲೆಲ್ಲ ಬಣ್ಣ ಹೋಗಿ, ಒಳಗಿನ ಬಣ್ಣವಿಲ್ಲದ ಗಾಜು ಕಾಣಿಸಿಕೊಳ್ಳುತ್ತದೆ.

ಉತ್ತರ 3:
ಅಂಗಡಿಯವರ ಮಾತನ್ನು ಹಾಗೆಯೇ ನಂಬಬೇಡಿ, ಭೂತಗನ್ನಡಿ ಹಿಡಿದು ನೋಡಿ. ಚಕ್ರದ ಗೀರು ದೋಣಿಯ ಆಕಾರದಲ್ಲಿ ನಡುವೆ ಆಳವಾಗಿ, ತುದಿಗಳಲ್ಲಿ ಸಣ್ಣಗಾಗುತ್ತ ಮೇಲೇಳುತ್ತದೆ. ಮರಳು ಚಿಮ್ಮಿಸಿ ಮಾಡಿದ್ದಾದರೆ ಎಲ್ಲೆಡೆ ಸಾಮಾನ್ಯವಾಗಿ ಒಂದೇ ಆಳ, ಒಂದೇ ತರಿ. ಲೇಸರಿನದ್ದಾದರೆ ಸಾಲುಸಾಲಾಗಿ ಬಿರಿದ ಚುಕ್ಕೆಗಳು ಸಿಗಬಹುದು.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಭೂತಗನ್ನಡಿಯಲ್ಲಿ ನೋಡಿದೆ. ಜಿಂಕೆಯ ಮೈಕೂದಲಿನಲ್ಲೂ ಮರದ ಎಲೆಗಳಲ್ಲೂ ನೀವು ಹೇಳಿದ ದೋಣಿಗಳು ಸ್ಪಷ್ಟವಾಗಿವೆ, ಒಂದರಂತೆ ಇನ್ನೊಂದಿಲ್ಲ. ಆದರೆ ಬಾಯಂಚಿನ ಸುತ್ತಲಿನ ಬಳ್ಳಿಯಲ್ಲಿ ಒಂದೇ ಆಳ, ಒಂದೇ ತರಿ. ಜಿಂಕೆಯನ್ನು ಒಬ್ಬರು ಕೈಯಿಂದ ಕೊರೆದು, ಬಳ್ಳಿಯನ್ನು ಯಂತ್ರಕ್ಕೆ ಬಿಟ್ಟಿರಬೇಕು. ಅಕ್ಕನಿಗೆ ಅರ್ಧ ಸುದ್ದಿಯನ್ನಷ್ಟೇ ಹೇಳಿದ್ದೇನೆ.