ಸಹಾಯ ಬೇಕು: ಟಿಡಿಪಿ-43 ವಿಷಯದಲ್ಲಿ ಯಾವುದು ಮೊದಲ ಪೆಟ್ಟು?

ಎಲ್ಲರಿಗೂ ನಮಸ್ಕಾರ. ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್‌ಗಳ ಬಗ್ಗೆ ಸೆಮಿನಾರ್ ತಯಾರಿ ಮಾಡುತ್ತಿದ್ದೇನೆ. ಟಿಡಿಪಿ-43 ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನನಗೆ ಅರ್ಥವಾಗಿರುವುದು ಇಷ್ಟು. ಇದು ಹೆಚ್ಚಾಗಿ ನ್ಯೂಕ್ಲಿಯಸ್ ಒಳಗಿರುತ್ತದೆ. ಆರ್‌ಎನ್‌ಎಯಲ್ಲಿ ಯುಜಿ-ಯುಜಿ ಅಂತ ಸಾಲಾಗಿ ಬರುವ ಕಡೆ ಕೂತು, ಬೇಡದ ತುಣುಕುಗಳು ಎಂಆರ್‌ಎನ್‌ಎಗೆ (ಪ್ರೋಟೀನ್ ತಯಾರಿಸುವ ಸಂದೇಶಕ್ಕೆ) ಸೇರದಂತೆ ತಡೆಯುತ್ತದೆ. ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಕಾಯಿಲೆ) ಇರುವ ಬಹುಪಾಲು ಜನರ ನರಕೋಶಗಳಲ್ಲಿ ಇದು ನ್ಯೂಕ್ಲಿಯಸ್ ಬಿಟ್ಟು ಸೈಟೋಪ್ಲಾಸಂನಲ್ಲಿ ಗಂಟು ಕಟ್ಟಿಕೊಂಡಿರುತ್ತದೆ. ಈ ಗಂಟಿನಲ್ಲಿರುವುದು ಟಿಡಿಪಿ-43 ಅಂತ 2006ರಲ್ಲೇ ಗೊತ್ತಾಗಿದೆ.

ಗೊಂದಲ ಇಲ್ಲಿಂದ ಶುರು. ಮನುಷ್ಯರ ನರಕೋಶಗಳಲ್ಲಿ ಟಿಡಿಪಿ-43 ಸುಮ್ನೆ ಕಡಿಮೆ ಮಾಡಿದರೂ ಸಾಕು, ಗಂಟು ಇಲ್ಲದೆಯೇ ಎಸ್‌ಟಿಎಂಎನ್2 ಎಂಬ ಜೀನ್‌ನ ಎಂಆರ್‌ಎನ್‌ಎಗೆ ಕ್ರಿಪ್ಟಿಕ್ ಎಕ್ಸಾನ್ (ಅಂಥದ್ದೇ ಒಂದು ಬೇಡದ ತುಣುಕು) ಸೇರಿಕೊಳ್ಳುತ್ತದೆ. ಸಂದೇಶ ಅರ್ಧಕ್ಕೇ ಮುಗಿದುಹೋಗುತ್ತದೆ. ಆಕ್ಸಾನ್ (ನರಕೋಶದ ಉದ್ದ ಎಳೆ) ಮತ್ತೆ ಬೆಳೆಯಲು ಬೇಕಾದ ಪ್ರೋಟೀನೇ ತಯಾರಾಗುವುದಿಲ್ಲ. ಹಾಗಾದರೆ ಗಂಟಲ್ಲ, ನ್ಯೂಕ್ಲಿಯಸ್ ಖಾಲಿಯಾಗಿದ್ದೇ ತೊಂದರೆ ಅಲ್ವಾ? ಆದರೆ ಟಿಡಿಪಿ-43 ಜಾಸ್ತಿ ಮಾಡಿದರೂ ಕೋಶಕ್ಕೆ ವಿಷವಾಗುತ್ತದೆ. ಅದು ತನ್ನದೇ ಎಂಆರ್‌ಎನ್‌ಎಗೆ ಅಂಟಿ ತನ್ನ ಪ್ರಮಾಣವನ್ನು ತಾನೇ ಹಿಡಿತದಲ್ಲಿಡುತ್ತದೆ. ಅಂದರೆ ಒಳಗೆ ಕಡಿಮೆಯಾದಷ್ಟೂ ಹೊಸದು ಜಾಸ್ತಿ ತಯಾರಾಗಿ, ಹೊರಗಿನ ಗಂಟು ಇನ್ನಷ್ಟು ಬೆಳೆಯಬಹುದು! ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ.

ಇಲಿ ಮಾದರಿಗಳನ್ನು ನೋಡಿದೆ. ಎಸ್‌ಟಿಎಂಎನ್2ರ ಆ ಕ್ರಿಪ್ಟಿಕ್ ಎಕ್ಸಾನ್ ಇಲಿಗಳಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅದನ್ನು ಅಲ್ಲಿ ನೋಡಲಾಗುವುದಿಲ್ಲ. ರಿವ್ಯೂ ಲೇಖನಗಳು "ಎರಡೂ ಇರಬಹುದು" ಅಂತ ಬಿಟ್ಟುಬಿಡುತ್ತವೆ.

ಮನುಷ್ಯರ ನರಕೋಶಗಳಲ್ಲಿ ಈ ಎರಡು ಕಾರಣಗಳನ್ನು (ನ್ಯೂಕ್ಲಿಯಸ್ ಖಾಲಿಯಾಗುವುದು, ಹೊರಗೆ ಗಂಟು ಕಟ್ಟುವುದು) ಬೇರೆ ಬೇರೆ ಮಾಡಿ ತೋರಿಸಲು ಯಾವ ಪ್ರಯೋಗ ಸರಿ, ಅದಕ್ಕೆ ಯಾವ ಕಂಟ್ರೋಲ್ ಇಡಬೇಕು?